ನಾಲ್ಕನೆಯ ಕಾಲಂ

ಹೈದರಾಬಾದಿನಲ್ಲಿ ಎಂಸಿಎ ಓದುವಾಗ ನನಗೆ ಪರೀಕ್ಷೆಗಿಂತ ನೋಟಿಸ್ ಬೋರ್ಡಿನ ಭಯವೇ ಹೆಚ್ಚಿತ್ತು. ಅಂಕಪಟ್ಟಿಯಲ್ಲಿ ಮೊದಲು ಸಂಖ್ಯೆ, ಆಮೇಲೆ ಹೆಸರು, ಅಂಕ. ನಾಲ್ಕನೆಯ ಕಾಲಂನಲ್ಲಿ ವರ್ಗ. ನನ್ನ ಹೆಸರಿನ ಮುಂದೆ ‘ಎಸ್‌ಟಿ’. ಇಡೀ ತರಗತಿಗೆ ಅದೊಂದೇ.

ಪಟ್ಟಿ ಹಾಕುವ ದಿನ ಉಪ್ಪಲ್‌ನಿಂದ ಮೊದಲ ಬಸ್ಸಿಗೇ ಹೊರಟು ಬೋರ್ಡಿನ ಮುಂದೆ ನಿಲ್ಲುತ್ತಿದ್ದೆ. ಸುಲ್ತಾನ್ ಬಜಾರಿನಲ್ಲಿ ಕೊಂಡ ದೊಡ್ಡ ಚೀಲವನ್ನು ಹೆಗಲಿಗೇರಿಸಿ, ಅದು ನನ್ನ ಸಾಲನ್ನು ಮುಚ್ಚುವ ಹಾಗೆ. ಆನೆ ಎದುರಾದರೆ ಓಡಬೇಡ, ಅಲುಗದೆ ನಿಲ್ಲು ಎಂದು ಕಾಡೊಳಗಿನ ನಮ್ಮ ಹಾಡಿಯಲ್ಲಿ ಅಪ್ಪ ಹೇಳಿಕೊಟ್ಟಿದ್ದ. ಓದಿದವರ ಎದುರಿಗೂ ಅದನ್ನೇ ಮಾಡಿದೆ, ಪೆದ್ದಿ. ಅರ್ಧ ದಿನ ಬೋರ್ಡಿಗೆ ಅಂಟಿಕೊಂಡವಳನ್ನು ಕಂಡರೆ ಯಾರಿಗೆ ಅನುಮಾನ ಬಾರದು!

ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಕೆಲಸ ಕೊಡುತ್ತಿದ್ದ ಕಾಲ. ಒಮ್ಮೆ ಕ್ಯಾಂಟೀನಿನಲ್ಲಿ ಸಹಪಾಠಿಯೊಬ್ಬ, ಕೋಟಾದವರು ಬರೆದ ಪ್ರೋಗ್ರಾಂ ತಿದ್ದುವುದೇ ಮುಂದೆ ನಮ್ಮ ಉದ್ಯೋಗ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಎರಡನೆಯ ವರ್ಷ ಬೋರ್ಡಿನ ಬಳಿ ಇನ್ನೊಬ್ಬಳು ಕಂಡಳು. ಜೂನಿಯರ್, ಗೋದಾವರಿ ಕಡೆಯ ಕಾಡಿನವಳು. ತನ್ನ ಸಾಲಿನ ಮೇಲೆ ಅಂಗೈ ಒತ್ತಿ ನಿಂತಿದ್ದಳು. ನೇರ ಕಚೇರಿಗೆ ಹೋದೆ.

ಅಲ್ಲಿನ ಗುಮಾಸ್ತರು ಕಲಬುರಗಿ ಕಡೆಯವರು. ಕನ್ನಡವೆಂದು ಸ್ವಲ್ಪ ಸಲಿಗೆಯಿತ್ತು. ಆ ಕಾಲಂ ತೆಗೆಸಬಹುದೇ ಎಂದು ಕೇಳಿದೆ.

“ಅರ್ಜಿ ಕೊಡ್ರಿ. ಆದ್ರ ಹೆಸರು, ವರ್ಗ ಎಲ್ಲಾ ಬರೀಬೇಕಾಗ್ತೈತಿ. ಮೀಟಿಂಗಿನ್ಯಾಗ ಎಲ್ಲಾರ ಮುಂದ ಓದ್ತಾರ.”

ಮುಚ್ಚಿಡಬೇಕಾದ್ದನ್ನೇ ನಾನಾಗಿ ಸಾರಿಕೊಳ್ಳಬೇಕು! ಎದ್ದುಬಿಟ್ಟೆ.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಸುಮ್ನ ಓದ್ಕೊಂಡು ಹೋಗವಾ. ನಾನೂ ನಿನ್ನಂಗ ಎಸ್‌ಟಿನ. ಇಪ್ಪತ್ತು ವರ್ಷ ಆತು, ಇಲ್ಲಿ ಯಾರ ಮುಂದೂ ಹೇಳಿಲ್ಲ. ಮನೀಗಿ ಯಾರನ್ನೂ ಕರೆಯಂಗಿಲ್ಲ. ಏನ್ ಕಮ್ಮಿ ಆಗೇತಿ?”

ಬಾಗಿಲು ಕಿರ್ರೆಂದಿತು. ಅವರ ಮುಖ ಬಿಳುಚಿಕೊಂಡಿತು. ಬಂದದ್ದು ಗಾಳಿ, ಅಷ್ಟೇ. ಅವತ್ತು ಹೆದರಿದಷ್ಟು ನಾನು ಯಾವತ್ತೂ ಹೆದರಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲಿನ ನಾನೇ ಆ ಕುರ್ಚಿಯಲ್ಲಿ ಕೂತಿದ್ದೆ.

ಅವರಿಂದಲೇ ಹಾಳೆ ಇಸಿದುಕೊಂಡೆ. ಹೆಸರು ಬರೆದೆ, ವರ್ಗ ಬರೆದೆ. ಸಹಿ ಹಾಕಿದೆ. ಜೂನಿಯರ್ ಹುಡುಗಿಯ ಸಹಿ ಕೇಳಲಿಲ್ಲ. ಅವಳ ಪಾಲಿನ ಭಯ ಅವಳಿಗೆ ಸಾಕಾಗಿತ್ತು.

ಅರ್ಜಿಯನ್ನು ಮೀಟಿಂಗಿನಲ್ಲಿ ಓದಿದರು. ಸುದ್ದಿ ವಾರದೊಳಗೆ ಹಬ್ಬಿತು. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಿಂದ ಇಬ್ಬರು ಎದ್ದು ಹೋದರು. ಉಳಿದವರು ಚಹಾ ಕುಡಿದರು.

ಮುಂದಿನ ಪಟ್ಟಿಯಲ್ಲಿ ಮೂರೇ ಕಾಲಂ. ಅದನ್ನು ಕಣ್ಣಾರೆ ಕಂಡೂ ಚೀಲವನ್ನು ಹೆಗಲಿಗೇರಿಸಿ, ಬೋರ್ಡಿಗೆ ಅಡ್ಡವಾಗಿ ನಿಂತೇ ಇದ್ದೆ. ಜೂನಿಯರ್ ಹುಡುಗಿ ಹಿಂದಿನಿಂದ ಭುಜ ತಟ್ಟಿ, ಸ್ವಲ್ಪ ಸರಿಯಲು ಹೇಳಿದಳು.

“ಅಕ್ಕಾ, ಕೊಂಚೆಂ ಜರುಗು.”

ಅವಳಿಗೆ ತನ್ನ ಅಂಕ ಕಾಣಿಸುತ್ತಿರಲಿಲ್ಲ.