ತಮ್ಮನ ಹೆಸರಿನ ಸೇತುವೆ

ನಮ್ಮ ಹೊಳೆಗೆ ಕಾಂಕ್ರೀಟ್ ಸೇತುವೆ ಬಂದದ್ದು ನನ್ನ ತಮ್ಮ ಗಡಿಯಲ್ಲಿ ಗುಂಡೇಟಿಗೆ ಸತ್ತ ಮೇಲಿನ ಬೇಸಿಗೆಯಲ್ಲಿ. ಅದಕ್ಕೆ ಅವನ ಹೆಸರಿಡಬೇಕೆಂದು ಗ್ರಾಮಸಭೆಯಲ್ಲಿ ಮೊದಲು ಎದ್ದು ನಿಂತವರು ಪಕ್ಕದ ಮನೆಯ ದೊಡ್ಡಪ್ಪ. ಸ್ವಂತ ದೊಡ್ಡಪ್ಪನಲ್ಲ, ಹಾಗೆ ಕರೆದು ರೂಢಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಇದರಿಂದ ಈ ಮುದುಕನಿಗೇನು ಲಾಭ ಎಂದು ಯೋಚಿಸುತ್ತ ನಾನು ಕೈಕಟ್ಟಿ ಕುಳಿತಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರಕ್ಕಿಂತ ಬೇಲಿ ಕಾಯುವುದನ್ನು ಚೆನ್ನಾಗಿ ಕಲಿತವನು. ದೊಡ್ಡಪ್ಪನ ಕಾಫಿ ತೋಟಕ್ಕೂ ನಮ್ಮ ಗದ್ದೆಗೂ ನಡುವಿನ ಬೇಲಿ ವರ್ಷವರ್ಷವೂ ನಮ್ಮ ಕಡೆಗೇ ಸರಿಯುತ್ತದೆ ಎಂಬುದು ನನ್ನ ನಂಬಿಕೆ.

ಪಂಚಾಯಿತಿ ಮೆಂಬರ್ ಮನೆಗೇ ಬಂದ. "ನೀವು ಹೂಂ ಅಂದ್ರೆ ಕಲ್ಲು ಕೆತ್ತುಸ್ತೀವಿ ಅಣ್ಣ. ಇಲ್ಲಾಂದ್ರೆ ಬೇರೆ ಹೆಸರು ಹೇಳೋರೂ ಅವ್ರೆ."

ಅಪ್ಪ ಅಮ್ಮ ತೀರಿಹೋಗಿದ್ದರು. ಒಪ್ಪಿಗೆ ಕೊಡಬೇಕಾದವನು ನಾನೊಬ್ಬನೇ. ನೋಡೋಣ ಎಂದು ಕಳಿಸಿಬಿಟ್ಟೆ.

ಆ ವಾರವೇ ದೊಡ್ಡಪ್ಪ ಸೇತುವೆಯ ಬುಡದಲ್ಲಿ, ನಮ್ಮ ಗದ್ದೆಯ ಅಂಚಿನಲ್ಲಿ ಕೋಲು ಊರಿ ಊರಿ ನೋಡುವುದು ಕಣ್ಣಿಗೆ ಬಿತ್ತು. ಸಿಕ್ಕಿಬಿದ್ದರು ಅಂದುಕೊಂಡೆ. ನೇರ ಅವರ ಕಣಕ್ಕೆ ಹೋದಾಗ ಅವರು ಕಾಫಿ ಹರವುತ್ತಿದ್ದರು.

"ಹೆಸ್ರು ನಮ್ಮುಡುಗಂದು, ಬೇಲಿ ನಿಮ್ದಾ ದೊಡ್ಡಪ್ಪ?"

ಅವರ ಕೈ ನಿಲ್ಲಲಿಲ್ಲ. "ಕಲ್ಲು ನೆಡೋಕೆ ಗಟ್ಟಿ ಜಾಗ ನೋಡ್ತಿದ್ದೆ ಕಣ್ಲಾ. ಆ ಪಾಳು ಗದ್ದೆ ತಗೊಂಡು ನಾನೇನು ಕಪ್ಪೆ ಸಾಕ್ಲಾ?"

"ಮತ್ತೆ ನಿಮಗ್ಯಾಕೆ ಇಷ್ಟು ಆಸ್ಥೆ?"

ಆಗ ತಲೆಯೆತ್ತಿದರು. "ಸಂಕ ಕಟ್ಟಿದ್ದು ಯಾರು?"

ಸೇತುವೆಗೆ ಮೊದಲು ಅಲ್ಲಿದ್ದದ್ದು ಸಂಕ. ಎರಡು ಬಗನಿ ಮರದ ದಿಮ್ಮಿಯನ್ನು ಹೊಳೆಗೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟುತ್ತಿದ್ದರು. ಮುಂಗಾರಿಗೆ ಮುಂಚೆ ಎರಡು ಮನೆಯಿಂದಲೂ ಒಬ್ಬೊಬ್ಬರು ಹೋಗಿ ಅದನ್ನು ಹೊಸದಾಗಿ ಕಟ್ಟಬೇಕು. ಸಂಕದಿಂದ ಅವರ ಕಾಫಿಗೇ ಹೆಚ್ಚು ಉಪಯೋಗ ಎಂದು ನಾನು ಹೋಗುತ್ತಿರಲಿಲ್ಲ. ತಮ್ಮನೋ, ರಜೆಯನ್ನು ಆ ದಿನಗಳಿಗೇ ಹೊಂದಿಸಿಕೊಂಡು ಬರುತ್ತಿದ್ದ. "ಡೈರಿಗೆ ಹಾಲು ತಗೊಂಡು ನೀನೇನು ಹಾರ್ಕೊಂಡು ಹೋಗ್ತೀಯಾ?" ಎಂದು ನಗುತ್ತ ಹೊಳೆಗೆ ಇಳಿಯುತ್ತಿದ್ದ.

"ಗಡಿ ಕಾಯೋನು ಸೊಂಟದ ಮಟ್ಟ ನೀರಲ್ಲಿ ನಿಂತು ನನ್ ಜೊತೆ ದಿಮ್ಮಿ ಹೊತ್ತ" ಅಂದರು ದೊಡ್ಡಪ್ಪ. "ನೀನು ದಡದಲ್ಲಿ ನಿಂತು ಬೇಲಿ ನೋಡ್ತಿದ್ದೆ."

ಅಲ್ಲಿಂದ ಸೀದಾ ಮೆಂಬರ್ ಮನೆಗೆ ಹೋಗಿ ಹೂಂ ಅಂದೆ.

ಇಲ್ಲಿಗೆ ನನ್ನ ಅನುಮಾನ ಸತ್ತಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ಅದು ಸುಳ್ಳು. ಕಲ್ಲಿನ ಮೇಲಿನ ಬಟ್ಟೆ ಸರಿಸಿದ ದಿನ ತಮ್ಮನ ಹೆಸರನ್ನು ಒಂದು ಸಲ ಓದಿದೆ. ಕೂಡಲೇ ಕಣ್ಣು ಕೆಳಗಿಳಿಯಿತು. ಮಾಡಿಸಿದವರು ಇಂಥವರು ಎಂದು ದೊಡ್ಡಪ್ಪ ತನ್ನ ಹೆಸರನ್ನೂ ಸೇರಿಸಿರಬಹುದೇ? ಕಲ್ಲಿನ ಮುಂಬದಿಯಲ್ಲಿ ಇರಲಿಲ್ಲ. ಹೂವಿಡುವ ನೆಪದಲ್ಲಿ ಮಂಡಿಯೂರಿ, ತಲೆ ಬಗ್ಗಿಸಿ, ಕಲ್ಲಿನ ಹಿಂಬದಿಯನ್ನೂ ನೋಡಿದೆ. ಅಣ್ಣನ ದುಃಖ ನೋಡಲಾಗದೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ದೊಡ್ಡಪ್ಪ ಹತ್ತಿರ ಬಂದು ನನ್ನ ರಟ್ಟೆ ಹಿಡಿದರು. ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು: "ಹಿಂದೆ ಏನೂ ಬರ್ಸಿಲ್ಲ ಕಣ್ಲಾ. ಎದ್ದೇಳು."