ಇಸ್ಪೀಟು ಹಂಚಿದ ಕೈಗೆ ಇನಾಮು

ನಮ್ಮ ಅತ್ತೆ ತೀರಿಕೊಂಡು ಇಂದಿಗೆ ಹನ್ನೊಂದು ದಿನ. ಬಂದವರೆಲ್ಲ ಅವರು ಹೇಗೆ ಹೋದರು ಎಂದು ಕೇಳುತ್ತಾರೆ. ಹೇಗೆ ಇಸ್ಪೀಟು ಹಂಚುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಅದನ್ನು ನಾನೇ ಬರೆದಿಡುತ್ತೇನೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಹಾಪುರದಲ್ಲಿ ವಕೀಲರ, ವರ್ತಕರ, ಅಧಿಕಾರಿಗಳ ಮನೆಯ ಹೆಂಗಸರು ಮಧ್ಯಾಹ್ನ ಚಿಲ್ಲರೆ ಕಾಸಿಟ್ಟು ಇಸ್ಪೀಟು ಆಡುತ್ತಿದ್ದರು. ಒಬ್ಬರ ಕೈಯ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲದ್ದರಿಂದ ಎಲೆ ಕಲೆಸಿ ಹಂಚಲು ಆಟಕ್ಕೆ ಕೂಡದವರೊಬ್ಬರು ಬೇಕಿತ್ತು. ಆ ಕೆಲಸ ಅತ್ತೆಯದು. ನಿಂಬೆ ಶರಬತ್ತು ಕೊಡುವುದು ಹೊಸ ಸೊಸೆಯಾದ ನನ್ನದು.

ಗೆದ್ದವರು ಏಳುವ ಮುಂಚೆ ಇಬ್ಬರಿಗೂ ಇನಾಮು ಕೊಡುವುದು ರೂಢಿ. ನಾನು ಮುತ್ತೈದೆ; ಸೆರಗು ಒಡ್ಡಿದರೆ ಎಲೆ ಅಡಿಕೆಯ ಜೊತೆ ನಾಣ್ಯವನ್ನು ಉಡಿಗೆ ಹಾಕುತ್ತಿದ್ದರು. ಅತ್ತೆಗೆ ಗಂಡನಿರಲಿಲ್ಲ. ಅವರದನ್ನು ಹೊಸ್ತಿಲ ಮೇಲೆ ಇಡುತ್ತಿದ್ದರು, ಕೈ ತಾಗಬಾರದೆಂದು. ಅದೇ ಕೈ ಹಂಚಿದ ಎಲೆಗಳನ್ನು ಮಾತ್ರ ಎದೆಗೆ ಅವಚಿ ಹಿಡಿಯುತ್ತಿದ್ದರು. ಅತ್ತೆ ಬಗ್ಗಿ ನಾಣ್ಯ ಹೆಕ್ಕುವಾಗ ನಾನು ಲೋಟ ತೊಳೆಯಲು ಎದ್ದು ಹೋಗುತ್ತಿದ್ದೆ.

ನನಗೆ ಅವರು ಮೊದಲೇ ಹೇಳಿದ್ದರು: “ಸೋತವ್ರು ಕೊಟ್ರ ತಗೋಬ್ಯಾಡ. ಗೆದ್ದವ್ರು ಮರತ್ರ ನೆನಪು ಮಾಡಬ್ಯಾಡ.”

ಒಂದು ದಿನ ವಕೀಲರ ಮನೆಯ ಆಟದಲ್ಲಿ ಮೈಸೂರು ಕಡೆಯಿಂದ ಹೊಸದಾಗಿ ಬಂದ ಅಧಿಕಾರಿಯ ಹೆಂಡತಿ ಗೆದ್ದರು. ಇನಾಮು ಕೊಡಲು ಅತ್ತೆಯ ಕಡೆ ತಿರುಗಿದಾಗ ವಕೀಲರ ಹೆಂಡತಿ ತಡೆದರು.

“ಹೊಸ್ತಿಲ ಮ್ಯಾಲ ಇಡ್ರಿ. ಆಕಿ ತಗೋತಾಳ.”

ಅವರು ಇಟ್ಟರು. ಅತ್ತೆ ಏಳಲಿಲ್ಲ. ಎಲೆಗಳನ್ನು ಜೋಡಿಸುತ್ತಲೇ ಹೇಳಿದರು: “ಅಕ್ಕಾರ, ಎಲಿ ಹಂಚಿದ್ದು ಹೊಸ್ತಿಲ ಅಲ್ರಿ, ಈ ಕೈ.”

“ಅಬ್ಬಬ್ಬಾ, ಮುದುಕಿ ದಿಮಾಕ ನೋಡ್ರಿ!” ಎಂದರು ವಕೀಲರ ಹೆಂಡತಿ. “ನಾಳಿಂದ ಗೋಗಿ ಊರಾಕಿನ್ನ ಕರಸ್ತೀನಿ.”

“ಕರಸ್ರಿ. ಆದ್ರ ಎಲಿ ಎಣಿಸಿ ತಗೋರಿ.”

ಯಾರೋ ಕಿಸಕ್ಕೆಂದು ನಕ್ಕರು. ಮೈಸೂರಿನವರು ಎದ್ದು ಹೋಗಿ ನಾಣ್ಯವನ್ನು ತಾವೇ ಹೆಕ್ಕಿಕೊಂಡು ಬಂದರು. “ನನಗೆ ಇಲ್ಲಿನ ಪದ್ಧತಿ ಗೊತ್ತಿಲ್ಲಮ್ಮ. ಕೈ ಕೊಡಿ,” ಎಂದು ಅತ್ತೆಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

ದಾರಿಯಲ್ಲಿ ನನಗೆ ಹೆದರಿಕೆ. ನಮ್ಮ ಒಲೆ ಉರಿಯುತ್ತಿದ್ದುದೇ ಆ ಮನೆಗಳಿಂದ.

“ಅತ್ತಿ, ನಾಳಿ ಕರೀಲಿಲ್ಲ ಅಂದ್ರ?”

“ಜ್ವಾಳದ ಹೊಲಕ್ಕ ಹೋಗೂಣು. ಕಳೆ ತೆಗದಾಕಿ ಕೂಲಿ ಹೊಸ್ತಿಲ ಮ್ಯಾಲ ಇಡ್ತಾರೇನು?”

ವಕೀಲರ ಮನೆಯವರು ಎರಡು ತಿಂಗಳು ಕರೆಯಲಿಲ್ಲ. ನಿಜಕ್ಕೂ ಹೊಲಕ್ಕೆ ಹೋದೆವು. ವಕೀಲರ ಮನೆಯಲ್ಲಿ ಗೋಗಿಯವಳು ಎಲೆ ಹಂಚುತ್ತಿದ್ದಳು. ಆಟಕ್ಕೊಂದು ಜಗಳವಾಗಿ ಕೊನೆಗೆ ನಮ್ಮನ್ನೇ ಕರೆಸಿದರು. ವಕೀಲರ ಹೆಂಡತಿ ಕೈಗೆ ಮಾತ್ರ ಕೊಡಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿಟ್ಟು ಮುಂದೆ ಸರಿಸಿದರು. ಅತ್ತೆ ತೆಗೆದುಕೊಂಡು ನನ್ನ ಕಿವಿಯಲ್ಲಿ, “ಹೊಸ್ತಿಲಕ್ಕಿಂತ ಒಂದ್ ಗೇಣು ಮ್ಯಾಲ ಬಂತು ನೋಡವಾ,” ಎಂದು ನಕ್ಕರು. ಉಳಿದವರು ಒಬ್ಬೊಬ್ಬರಾಗಿ ಕೈಗೇ ಕೊಡತೊಡಗಿದರು.

ಹನ್ನೊಂದು ದಿನದ ಹಿಂದೆ, ಮಣ್ಣಿಗೆ ಒಯ್ಯುವ ಮುಂಚೆ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಎಲೆ, ಅಡಿಕೆ, ಒಂದು ನಾಣ್ಯ ಹಿಡಿದು ಹತ್ತಿರ ಹೋದೆ. ಹಿರಿಯ ಹೆಂಗಸೊಬ್ಬರು ತೋಳು ಹಿಡಿದರು.

“ಏನ್ ಮಾಡಾಕತ್ತೀಯವಾ? ಗಂಡ ಇಲ್ಲದಾಕಿಗೆ ಉಡಿ ತುಂಬತಾರೇನು?”

“ಉಡಿ ಅಲ್ರಿ,” ಎಂದೆ. “ಕೈಯಾಗ ಕೊಡಾಕತ್ತೇನಿ.”

ಕೊಟ್ಟೆ. ಬೆರಳುಗಳನ್ನು ಮಡಿಸಿದೆ.