ಮೂರು ಕ್ರೇಟ್ ಮಾವು, ಒಂದು ಟೋಟಲ್ ಲಾಸ್

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ಆ ದಿನದ ಫೋಟೊಗಳು, ಡೈರಿಯ ಒಂದು ಪುಟ, ನಾನೇ ಸಹಿ ಹಾಕಿದ ವರದಿ ನನ್ನ ಹತ್ತಿರ ಇವೆ. ಮೂರೂ ಒಂದೇ ಮಾತು ಹೇಳುವುದಿಲ್ಲ.

ಕೋವಿಡ್ ತಗ್ಗಿದ ಮೇಲಿನ ಎರಡನೆಯ ಮಾವಿನ ಕಾಲ. ಆಗ ನಾನು ಕೋಲಾರದಲ್ಲಿ ಮೋಟಾರ್ ಸರ್ವೇಯರ್. ಅಪಘಾತವಾದ ವಾಹನ ನೋಡಿ, ನಷ್ಟ ಎಷ್ಟು, ಅದು ಪಾಲಿಸಿಯ ಷರತ್ತಿನೊಳಗೆ ಬರುತ್ತದೆಯೇ ಎಂದು ವಿಮಾ ಕಂಪನಿಗೆ ವರದಿ ಕೊಡುವುದು ನನ್ನ ಕೆಲಸ. ನರಸಾಪುರದ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು, ಮಾಲೂರಿನ ಇಟ್ಟಿಗೆ ಲಾರಿಗಳು, ಇವೇ ಹೆಚ್ಚು ಬರುತ್ತಿದ್ದವು.

ಈ ಸಲ ಬಂದದ್ದು ಹನ್ನೊಂದು ವರ್ಷದ ಬಿಳಿ ಕಾರು. ಮುಳಬಾಗಿಲಿನಲ್ಲಿ ಬೆಳೆಗೆ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ರಹಮತ್ ಸಾಬರದು. ಶ್ರೀನಿವಾಸಪುರದ ಕಡೆ ಹೋಗುವಾಗ ಎದುರು ಬಂದ ಟ್ರ್ಯಾಕ್ಟರ್ ತಪ್ಪಿಸಲು ಹೋಗಿ ಮೋರಿಗೆ ಗುದ್ದಿದ್ದರು. ನಾಲ್ಕನೆಯ ದಿನ ನಾನು ಗ್ಯಾರೇಜಿಗೆ ಹೋದಾಗ ಅವರು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬಲಗೈಯಲ್ಲಿ ಒಡೆದ ಗಾಜಿನ ಪುಡಿ ಒರೆಸುತ್ತಿದ್ದರು.

"ಸಾಬ್ರೇ, ಮನೆಯವ್ರನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಾ?" ಎಂದ ಮೆಕ್ಯಾನಿಕ್.

"ಅವಳು ನನಗೆ ಸ್ಟೇರಿಂಗ್ ಕೊಟ್ರೆ ತಾನೇ," ಎಂದರು ಸಾಬರು.

ಅವರ ಓಣಿಗೆ ಬಂದ ಮೊದಲ ಕಾರು ಅದು. ಆ ಓಣಿಯ ಮದುವಣಗಿತ್ತಿಯರೆಲ್ಲ, ಯಾವ ಜಾತಿಯವರಾದರೂ, ಅದರಲ್ಲೇ ಗಂಡನ ಮನೆಗೆ ಹೋದವರು. ಡೀಸೆಲ್ಲಿಗೂ ಸಾಬರು ಕೈ ಚಾಚಿರಲಿಲ್ಲವಂತೆ.

ಪಾಲಿಸಿಯಲ್ಲಿ ಕಾರಿನ ಒಪ್ಪಿತ ಬೆಲೆಯನ್ನು ಐಡಿವಿ ಎನ್ನುತ್ತಾರೆ. ಇದರದ್ದು ಒಂದು ಲಕ್ಷ ನಲವತ್ತು ಸಾವಿರ. ರಿಪೇರಿ ಖರ್ಚು ಐಡಿವಿಯ ಮುಕ್ಕಾಲು ಪಾಲು ದಾಟಿದರೆ ಟೋಟಲ್ ಲಾಸ್, ಅಂದರೆ ಕಾರು ಇನ್ನಿಲ್ಲ ಎಂದು ಲೆಕ್ಕ. ಇಲ್ಲಿ ಖರ್ಚು ಐಡಿವಿಯನ್ನೇ ದಾಟುತ್ತಿತ್ತು. ಸಾಬರಿಗೆ ಹೇಳಿದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರು.

"ಇಂಜಿನ್ ಇನ್ನೂ ಸ್ಟಾರ್ಟ್ ಆಗುತ್ತೆ ಮೇಡಂ."

ಆಮೇಲೆ ನಾನು ಡಿಕ್ಕಿ ತೆಗೆದೆ. ಹಿಂದಿನ ಸೀಟು ಮಡಚಿತ್ತು. ಮೂರು ಪ್ಲಾಸ್ಟಿಕ್ ಕ್ರೇಟು, ಜಜ್ಜಿಹೋದ ಮಾವು. ಖಾಸಗಿ ಕಾರಿನ ಪಾಲಿಸಿಯಲ್ಲಿ ಸ್ವಂತ ಸಾಮಾನು ಬಿಟ್ಟು ಸರಕು ಒಯ್ಯುವಂತಿಲ್ಲ. ಸರಕೆಂದು ನಾನು ಬರೆದರೆ ಸಾಬರಿಗೆ ಕಾರೂ ಇಲ್ಲ, ಪರಿಹಾರವೂ ಇಲ್ಲ.

"ಇದೇನು?" ಎಂದೆ.

"ದೊಡ್ಡ ಮಗಳನ್ನ ಶ್ರೀನಿವಾಸಪುರಕ್ಕೆ ಕೊಟ್ಟಿದ್ದೀವಿ. ಅವರ ಮನೆಗೆ."

"ಶ್ರೀನಿವಾಸಪುರಕ್ಕೆ ಯಾರಾದ್ರೂ ಮಾವು ಹೊತ್ಕೊಂಡು ಹೋಗ್ತಾರಾ ಸಾಬ್ರೇ? ಊರೆಲ್ಲ ಮಾವಿನ ಮಂಡಿ."

"ಬೀಗರದ್ದೇ ಮಂಡಿ ಇದ್ರೂ ಮಗಳ ಮನೆಗೆ ಬರಿಗೈಲಿ ಹೋಗೋಕಾಗುತ್ತಾ? ನೀವು ಏನಾದ್ರೂ ಬರ್ಕೊಳ್ಳಿ. ಬಾಡಿಗೆ ಗಾಡಿ ಅಂತ ಮಾತ್ರ ಬರೀಬೇಡಿ."

ಮಂಡಿಗೆ ಹೋಗುವುದು ಕಾಯಿ. ಮನೆಗೆ ಒಯ್ಯುವುದು ಹಣ್ಣು. ನಮ್ಮ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು. ಡಿಕ್ಕಿ ತೆಗೆದ ಕೂಡಲೇ ಮಾಗಿದ ವಾಸನೆ ಮುಖಕ್ಕೆ ಬಡಿಯಿತೆಂದು ನನ್ನ ನೆನಪು. ಡೈರಿಯಲ್ಲಿ ಮಾತ್ರ 'ಮೂರು ಕ್ರೇಟ್ ಕಾಯಿ' ಎಂದಿದೆ. ಫೋಟೊದಲ್ಲಿ ಹಳದಿ ಕಾಣುತ್ತದೆ, ಆದರೆ ಗ್ಯಾರೇಜಿನ ಮೇಲೆ ಹಳದಿ ಟಾರ್ಪಾಲಿತ್ತು. ನಾಲ್ಕು ದಿನದ ಬಿಸಿಗೆ ಜಜ್ಜಿದ ಕಾಯಿಯೂ ನಾರುತ್ತದೆ. ತಳದಲ್ಲಿ ಜಜ್ಜದೆ ಉಳಿದಿದ್ದ ಒಂದನ್ನು ಹೆಬ್ಬೆರಳಿನಿಂದ ಒತ್ತಿದ್ದರೆ ಸಾಕಿತ್ತು. ನಾನು ಒತ್ತಲಿಲ್ಲ. ಮರೆತೆನೋ, ಬೇಡವೆಂದುಕೊಂಡೆನೋ, ಈಗ ಹೇಳಲಾರೆ.

ವರದಿಯಲ್ಲಿ 'ಮನೆ ಬಳಕೆಯ ಹಣ್ಣು' ಎಂದು ಬರೆದೆ. ಕ್ಲೇಮು ಪಾಸಾಯಿತು. ಗುಜರಿಯವರು ಬಂದ ದಿನ ಸಾಬರು ಅವರನ್ನು ಕೇಳಿಕೊಂಡು ಮುಂದಿನ ಸೀಟು ಬಿಚ್ಚಿಸಿ ಅಂಗಡಿ ಜಗಲಿಗೆ ಹಾಕಿಕೊಂಡರು. ಪಂಪು ತಂದವರು ಈಗಲೂ ಅದರ ಮೇಲೆಯೇ ಕೂರುತ್ತಾರೆ.

ಮರುವರ್ಷ ಬೈರಕೂರಿಗೆ, ನನ್ನ ಸೋದರಮಾವ ಚಲಪತಿಯವರ ತೋಟಕ್ಕೆ ಹೋಗಿದ್ದೆ. ಖಾಲಿ ಕ್ರೇಟುಗಳ ಅಂಚಿಗೆ ಮಾವ ಹಸಿರು ಬಣ್ಣದ ಮೂರು ಗೀಟು ಎಳೆಯುತ್ತಿದ್ದರು, ಬೇರೆಯವರ ಕ್ರೇಟಿನೊಂದಿಗೆ ಬೆರೆಯದಿರಲೆಂದು. ಮನೆಗೆ ಬಂದು ಹಳೆಯ ಫೋಟೊ ಹುಡುಕಿ ನೋಡಿದೆ. ಸಾಬರ ಡಿಕ್ಕಿಯಲ್ಲಿದ್ದ ಕ್ರೇಟಿನ ಮೂಲೆಯಲ್ಲಿ ಹಸಿರು ಗೀಟು ಮೂರಿದ್ದವು. ಸಂಬಂಧಿಕರ ಮಾಲು ಸೇರಿದ ಕೇಸನ್ನು ಸರ್ವೇಯರ್ ಬೇರೆಯವರಿಗೆ ಬಿಟ್ಟುಕೊಡಬೇಕು. ಅವತ್ತು ಆ ಗೀಟು ನನ್ನ ಕಣ್ಣಿಗೆ ಬಿದ್ದಿತ್ತೇ? ಫೋಟೊ ತೆಗೆದದ್ದು ನಾನೇ.

ಆಮೇಲಿನ ವರ್ಷಗಳಲ್ಲಿ ಒಂದು ಅಭ್ಯಾಸ ಮಾಡಿಕೊಂಡೆ. ಕಣ್ಣಿಗೆ ಕಂಡದ್ದನ್ನು ಕೈಯಿಂದ ಮುಟ್ಟಿ, ನಿಂತ ಜಾಗದಲ್ಲೇ ಬರೆಯುವುದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ನೆನಪಿನ ಮೇಲೆ ಸಹಿ ಹಾಕಬಾರದು. ಆದರೆ ಆ ಒಂದು ವರದಿಗೆ ಈ ಪಾಠ ತಡವಾಗಿ ಬಂತು.

ಮತ್ತೆ ತೋಟಕ್ಕೆ ಹೋದಾಗ ಫೋಟೊ ತೋರಿಸಿ, ರಹಮತ್ ಸಾಬರ ಕಾರು ಎಂದೆ. ಮಾವ ಕನ್ನಡಕ ಹಾಕಿಕೊಂಡು ನೋಡಿದರು. "ಒಳ್ಳೇ ಮನುಷ್ಯ ಕಣಮ್ಮ ಆ ಸಾಬು," ಎಂದರು. "ನನ್ನ ಪಂಪಿಗೆ ಒಂದು ದಿನಾನೂ ಕೂಲಿ ತಗೊಂಡಿಲ್ಲ."

ನಾನು ಕೇಳಬಂದದ್ದು ಅದಲ್ಲ. ಕೇಳಬೇಕಾದದ್ದನ್ನು ಕೇಳಿದಾಗ ಅವರು ಹಣ್ಣು ಹೆಚ್ಚಿ ತಟ್ಟೆ ನನ್ನ ಮುಂದೆ ಸರಿಸಿ, ನೀರಿನ ಮೋಟಾರ್ ಆರಿಸಲು ಎದ್ದು ಹೋದರು. ನಾನು ಕೇಳಿದ್ದು ಇಷ್ಟೇ:

"ಮಾವ, ಆ ಮೂರು ಕ್ರೇಟು ಅವರ ಮಗಳಿಗೆ ಅಂತ ಕೊಟ್ರಾ, ಇಲ್ಲಾ ಮಂಡಿಗೆ ಹಾಕಿ ಬಾ ಅಂತ ಕಳಿಸಿದ್ರಾ?"